ಕೂಡಿಗೆಯ ಕೆಂಪು ನೀರು, ಕಡಲ ತಳದ ಬಗ್ಗಡ

ಮಳೆಗಾಲ ಜೋರಾದ ಮೇಲೆ ಒಂದು ದಿನ ಕೊಡಗಿನ ಕೂಡಿಗೆಯಲ್ಲಿ ಹೊಳೆ ಬದಿಗೆ ಹೋಗಿ ನಿಲ್ಲಿ. ಹಾರಂಗಿ ಬಂದು ಕಾವೇರಿಗೆ ಸೇರುತ್ತದೆ, ಆದರೆ ಸೇರಿದ ತಕ್ಷಣ ಬೆರೆಯುವುದಿಲ್ಲ. ಒಂದಷ್ಟು ದೂರ ಎರಡು ನೀರೂ ಅಕ್ಕಪಕ್ಕ ಹರಿಯುತ್ತವೆ. ಒಂದು ಇಟ್ಟಿಗೆ ಬಣ್ಣ, ಇನ್ನೊಂದು ಹಾಲು ಜಾಸ್ತಿಯಾದ ಕಾಫಿ ಬಣ್ಣ. ನಡುವೆ ಗೆರೆ ಎಳೆದ ಹಾಗೆ. ಯಾವುದು ಎಷ್ಟು ಕೆಂಪು ಅನ್ನುವುದು ದಿನದಿನಕ್ಕೆ ಬದಲಾಗುತ್ತದೆ. ಮೇಲೆ ಎಲ್ಲಿ ಗುಡ್ಡದ ಬರೆ ಜರಿದಿದೆ, ಯಾವ ತೋಡು ಉಕ್ಕಿದೆ ಅನ್ನುವುದರ ಲೆಕ್ಕ ಅದು. ಹೊಳೆ ಬದಿಯವರು ನೀರು ನೋಡಿಯೇ "ಇವತ್ತು ಮಡಿಕೇರಿ ಕಡೆ ಜಾಸ್ತಿ ಬಿದ್ದಿದೆ" ಅಂದುಬಿಡುತ್ತಾರೆ.

ಎರಡು ನೀರು ಬೇರೆ ಬೇರೆ ಅಂತ ನಮಗೆ ಗೊತ್ತಾಗುವುದು ಅದರಲ್ಲಿ ತೇಲುವ ಮಣ್ಣಿನಿಂದ. ಮಣ್ಣಿಲ್ಲದಿದ್ದರೆ ಆ ಗೆರೆಯೇ ಕಾಣುತ್ತಿರಲಿಲ್ಲ. ಐದು ಕಿಲೋಮೀಟರ್ ಆಳದ ಕಡಲ ತಳದಲ್ಲಿ ನೀರು ಎತ್ತ ಹೋಗುತ್ತಿದೆ ಎಂದು ಹುಡುಕುವ ವಿಜ್ಞಾನಿಗಳೂ ಹೆಚ್ಚುಕಡಿಮೆ ಇದೇ ಉಪಾಯ ಮಾಡುತ್ತಾರೆ. ಅಲ್ಲಿ ಬೆಳಕಿಲ್ಲ. ನೀರಿನ ನಡಿಗೆ ಇರುವೆಯದು, ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಅಲ್ಲಿರುವ ಬಗ್ಗಡವನ್ನು ಓದಿಯೇ ನೀರಿನ ದಾರಿ ತಿಳಿಯಬೇಕು. ಈ ವಿಷಯ ಈಗ ಮಾತಾಡಲು ಕಾರಣವಿದೆ. ಆ ತಳದಲ್ಲಿ ಹೊಸದಾಗಿ ಬಗ್ಗಡ ಎಬ್ಬಿಸುವ ಕೆಲಸಕ್ಕೆ ನಮ್ಮ ದೇಶವೂ ಸಿದ್ಧವಾಗುತ್ತಿದೆ.

2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಡೀಪ್ ಓಷನ್ ಮಿಷನ್ ಎಂಬ ಆಳ ಕಡಲಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಐದು ವರ್ಷಕ್ಕೆ 4,077 ಕೋಟಿ ರೂಪಾಯಿ. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬೇಕಾದ ಮತ್ಸ್ಯ-6000 ಎಂಬ ನೌಕೆ ಇದರ ಭಾಗ. ಅದೇ ವರ್ಷ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ವರಾಹ ಎಂಬ ಯಂತ್ರ ಹಿಂದೂ ಮಹಾಸಾಗರದ ನಡುವಿನ ತಗ್ಗಿನಲ್ಲಿ 5,270 ಮೀಟರ್ ಆಳದ ನೆಲದ ಮೇಲೆ ಓಡಾಡಿ ಬಂತು. ಮತ್ಸ್ಯ ಆಯಿತು, ವರಾಹ ಆಯಿತು, ನಡುವಿನ ಕೂರ್ಮನನ್ನು ಯಾಕೋ ಬಿಟ್ಟಿದ್ದಾರೆ. 2025ರ ಆರಂಭದಲ್ಲಿ ಚೆನ್ನೈ ಹತ್ತಿರದ ಕಾಟ್ಟುಪಳ್ಳಿ ಬಂದರಿನಲ್ಲಿ ಮತ್ಸ್ಯವನ್ನು ನೀರಿಗಿಳಿಸಿ ಪರೀಕ್ಷೆ ಮಾಡಿದರು. ಆ ಆಗಸ್ಟ್‌ನಲ್ಲಿ ನಮ್ಮ ಇಬ್ಬರು ಫ್ರಾನ್ಸಿನ ನೌಕೆಯಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದರು, ಅದರಲ್ಲಿ ಒಬ್ಬರು 5,002 ಮೀಟರ್‌ವರೆಗೆ ಹೋದರು.

ಇಷ್ಟೆಲ್ಲ ಕಷ್ಟ ಯಾತಕ್ಕೆ ಅಂದರೆ, ಆ ತಗ್ಗಿನ ನೆಲದ ಮೇಲೆ ಆಲೂಗೆಡ್ಡೆ ಗಾತ್ರದ ಕಪ್ಪು ಗಂಟುಗಳು ಹರಡಿಕೊಂಡಿವೆ. ಅದರಲ್ಲಿ ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇದೆ. ಬ್ಯಾಟರಿ ಯುಗದಲ್ಲಿ ಇವಕ್ಕೆ ಬೆಲೆ ಹೇಳಬೇಕಾಗಿಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಜೊತೆ ಭಾರತ 2002ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಹುಡುಕಾಟಕ್ಕೆ ಕೊಟ್ಟಿರುವ ಜಾಗ 75,000 ಚದರ ಕಿಲೋಮೀಟರ್. ನಮ್ಮ ಕೊಡಗಿನಂಥ ಹದಿನೆಂಟು ಜಿಲ್ಲೆ ಹಿಡಿಸುವಷ್ಟು. ಪತ್ರಿಕೆಗಳಲ್ಲಿ ನೌಕೆಯ ಸುದ್ದಿ ಬರುತ್ತದೆ, ಕೋಟಿಗಳ ಸುದ್ದಿ ಬರುತ್ತದೆ. ಗಂಟು ಹೆಕ್ಕುವಾಗ ಏಳುವ ಕೆಸರು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆ ಕೊನೆಯ ಪ್ಯಾರಾದಲ್ಲೂ ಇರುವುದಿಲ್ಲ. ನನಗೆ ಮುಖ್ಯ ಅನಿಸುವುದು ಅದೇ ಪ್ರಶ್ನೆ.

ಮೊದಲು ನಮ್ಮ ಮಣ್ಣಿನ ಕತೆ. 2018ರ ಆಗಸ್ಟ್ ನೆನಪಿದೆ ಅಲ್ವಾ? ಮಕ್ಕಂದೂರು, ಹಟ್ಟಿಹೊಳೆ ಕಡೆ ಜರಿದ ಗುಡ್ಡದ ಮಣ್ಣು ಹಾರಂಗಿ ಜಲಾಶಯದ ಕಡೆಗೆ ಬಂತು. ಜೋಡುಪಾಲದಲ್ಲಿ ಜರಿದದ್ದು ಪಯಸ್ವಿನಿ ಹಿಡಿದು ಸುಳ್ಯದ ಮೇಲೆ ಕಾಸರಗೋಡಿಗೆ ಹೋಯಿತು. ಒಂದೇ ಮಳೆ, ಒಂದೇ ಬಣ್ಣದ ಮಣ್ಣು, ನಡುವೆ ಒಂದು ಬೆಟ್ಟದ ಸಾಲು ಅಷ್ಟೆ. ಆದರೆ ಒಂದರ ದಿಕ್ಕು ಬಂಗಾಳ ಕೊಲ್ಲಿ, ಇನ್ನೊಂದರದ್ದು ಅರಬ್ಬಿ ಕಡಲು. ಪಯಸ್ವಿನಿಗೆ ದೊಡ್ಡ ಜಲಾಶಯದ ಅಡ್ಡಿ ಇಲ್ಲ, ಹಾಗಾಗಿ ಅದರ ಕೆಂಪು ಬೇಗ ಕಡಲು ಸೇರುತ್ತದೆ. ಕಾವೇರಿಯ ಕತೆ ಬೇರೆ. ಹಾರಂಗಿ ಅಣೆಕಟ್ಟು, ಆಮೇಲೆ ಕನ್ನಂಬಾಡಿ, ಆಮೇಲೆ 1934ರ ಮೆಟ್ಟೂರು. ಎಲ್ಲ ಕಡೆ ನೀರು ನಿಂತು ಸುಧಾರಿಸಿಕೊಳ್ಳುತ್ತದೆ, ಮಣ್ಣು ಅಲ್ಲೇ ಕೂರುತ್ತದೆ. ಪೂಂಪುಹಾರಿನ ಅಳಿವೆ ಮುಟ್ಟುವಾಗ ಕಾವೇರಿಯಲ್ಲಿ ನಮ್ಮ ಮಣ್ಣು ಉಳಿಯುವುದು ಬಹಳ ಕಡಿಮೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಮುಳುಗಿ ಏಳುವಾಗ ಈ ನೀರು ಕಡಲು ಸೇರುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ನೀರು ಸೇರಿದರೂ ಸೇರಬಹುದು, ಮಣ್ಣಿನ ಮಾತು ಬೇರೆ.

ಬಂಗಾಳ ಕೊಲ್ಲಿಯ ಮಣ್ಣಿನ ಯಜಮಾನರು ಗಂಗೆ ಮತ್ತು ಬ್ರಹ್ಮಪುತ್ರ. ಎರಡೂ ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳು ತರುತ್ತವೆ. ಹಿಮಾಲಯ ಸವೆದು ಬಂದ ಈ ಮಣ್ಣು ಕೊಲ್ಲಿಯ ತಳದಲ್ಲಿ ಬೀಸಣಿಗೆಯಂತೆ ಹರಡಿ, ಉತ್ತರದಿಂದ ದಕ್ಷಿಣಕ್ಕೆ ಸುಮಾರು 3,000 ಕಿಲೋಮೀಟರ್ ಉದ್ದದ ಮೆಕ್ಕಲು ಹಾಸು ಆಗಿದೆ. ಲೋಕದಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ. ಉತ್ತರದಲ್ಲಿ ಅದರ ದಪ್ಪ ಹತ್ತು ಕಿಲೋಮೀಟರಿಗೂ ಜಾಸ್ತಿ. ತುದಿ ಭೂಮಧ್ಯರೇಖೆ ದಾಟಿ ಸುಮಾರು 7 ಡಿಗ್ರಿ ದಕ್ಷಿಣದವರೆಗೆ ಹೋಗಿದೆ.

ಅಷ್ಟು ದೂರ ಮಣ್ಣು ಹೋಗುವುದು ಹೇಗೆ? ನದಿ ನೀರು ಕಡಲ ಮೇಲ್ಭಾಗದಲ್ಲೇ ಬೆರೆತು ಹೋಗುತ್ತದೆ, ಅದು ಒಯ್ಯುವುದು ಸ್ವಲ್ಪ ದೂರ ಮಾತ್ರ. ಉಳಿದದ್ದು ಕಡಲೊಳಗಿನ ಬರೆ ಕುಸಿತ. ಕೆಸರು ಬೆರೆತ ನೀರು ತಿಳಿನೀರಿಗಿಂತ ಭಾರ. ಇಳಿಜಾರಿನಲ್ಲಿ ಒಮ್ಮೆ ಜಾರಿದರೆ ತನ್ನ ಭಾರಕ್ಕೆ ತಾನೇ ಓಡುತ್ತದೆ, ಓಡುವಾಗ ಇನ್ನಷ್ಟು ಮಣ್ಣು ಕಿತ್ತುಕೊಂಡು ಇನ್ನೂ ಭಾರವಾಗುತ್ತದೆ. 2018ರಲ್ಲಿ ತೋಟದ ಮಧ್ಯೆ ಮರ ಸಮೇತ ಇಳಿದು ಬಂದ ಕೆಸರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1929ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪಕ್ಕ ಕಡಲೊಳಗೆ ಭೂಕಂಪ ಆದಾಗ ತಳದಲ್ಲಿದ್ದ ಟೆಲಿಗ್ರಾಫ್ ಕೇಬಲ್‌ಗಳು ಇಳಿಜಾರಿನ ಉದ್ದಕ್ಕೂ ಒಂದಾದ ಮೇಲೆ ಒಂದು ಕಡಿದವು. ಎಲ್ಲ ಒಟ್ಟಿಗೆ ಕಡಿಯದೆ ಹೀಗೆ ಸರದಿಯಲ್ಲಿ ಕಡಿದದ್ದು ಯಾಕೆ? 1952ರಲ್ಲಿ ಬ್ರೂಸ್ ಹೀಜೆನ್ ಮತ್ತು ಮಾರಿಸ್ ಯೂಯಿಂಗ್ ಉತ್ತರ ಕೊಟ್ಟರು. ಕೆಸರಿನ ಪ್ರವಾಹ ಇಳಿಯುತ್ತಾ ಹೋದ ಹಾಗೆ ಒಂದೊಂದೇ ಕೇಬಲ್ ಅದಕ್ಕೆ ಸಿಕ್ಕಿತ್ತು. ಗಂಗೆಯ ಮಣ್ಣೂ ಬಾಂಗ್ಲಾದೇಶದ ಕರಾವಳಿ ಮುಂದಿನ ಆಳದ ಕಂದಕದಲ್ಲಿ ಇಳಿದು, ಹೀಗೆಯೇ ದಕ್ಷಿಣಕ್ಕೆ ಹೋಗುತ್ತದೆ.

ಈ ಹಾಸು ಮುಗಿಯುವ ಕಡೆಯಿಂದ ದಕ್ಷಿಣಕ್ಕೆ ಹೋದರೆ ಆ ಕಪ್ಪು ಗಂಟುಗಳ ನೆಲ ಸಿಗುತ್ತದೆ. ಇದು ಸುಮ್ನೆ ಆಗಿದ್ದಲ್ಲ. ಗಂಟು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್. ಮೇಲಿಂದ ಮಣ್ಣು ಜಾಸ್ತಿ ಬೀಳುವ ಕಡೆ ಅದು ಹುಟ್ಟುವ ಮೊದಲೇ ಹೂತು ಹೋಗುತ್ತದೆ. ಗಂಗೆಯ ಹೂಳು ತಲುಪದ ಜಾಗದಲ್ಲಿ ಮಾತ್ರ ಅದಕ್ಕೆ ಬದುಕು. ಅಲ್ಲಿ ಸಾವಿರ ವರ್ಷಕ್ಕೆ ಬೀಳುವ ಧೂಳಿನ ದಪ್ಪವನ್ನು ಮಿಲಿಮೀಟರ್‌ನಲ್ಲೇ ಅಳೆಯಬೇಕು. ಅಂದರೆ ನಾವು ಅಗೆಯಲು ಹೊರಟಿರುವುದು ಇಡೀ ಬೋಗುಣಿಯಲ್ಲಿ ಬಗ್ಗಡಕ್ಕೆ ಅತಿ ಕಡಿಮೆ ಅಭ್ಯಾಸ ಇರುವ ಜಾಗವನ್ನು.

ಕಣ ಇಳಿಯುವ ಲೆಕ್ಕ ತಿಳಿಯಲು ನಮ್ಮ ಅಡುಗೆಮನೆ ಸಾಕು. ಹಳೆಯ ಕ್ರಮದ ಬೆಲ್ಲದ ಕಾಫಿಯಲ್ಲಿ ಪುಡಿಯನ್ನು ನೀರಿಗೇ ಹಾಕಿ ಕುದಿಸಿ, ಇಳಿಸಿ, ಸ್ವಲ್ಪ ಹೊತ್ತು ಬಿಡುತ್ತಾರೆ. ದಪ್ಪ ಚರಟ ಬೇಗ ತಳ ಸೇರುತ್ತದೆ. ನುಣ್ಣನೆ ಪುಡಿ ಮಾತ್ರ ಲೋಟದ ಕೊನೆಯ ಗುಟುಕಿನವರೆಗೂ ಕಾಡುತ್ತದೆ. ಕಣದ ಅಗಲ ಅರ್ಧವಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬರುತ್ತದೆ, ಇದು ಹತ್ತೊಂಬತ್ತನೇ ಶತಮಾನದ ಸ್ಟೋಕ್ಸ್ ನಿಯಮ. ಒಂದು ಮಿಲಿಮೀಟರನ್ನು ಐನೂರು ಭಾಗ ಮಾಡಿದರೆ ಒಂದು ಭಾಗ ಎಷ್ಟೋ ಅಷ್ಟು ಅಗಲದ ಜೇಡಿಮಣ್ಣಿನ ಕಣ ಆಳದ ತಣ್ಣನೆ ನೀರಿನಲ್ಲಿ ದಿನಕ್ಕೆ ಇಪ್ಪತ್ತು ಸೆಂಟಿಮೀಟರ್ ಇಳಿದರೆ ಹೆಚ್ಚು. 4,000 ಮೀಟರ್ ಇಳಿಯಲು ಐವತ್ತು ವರ್ಷ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಒಂದೇ ಸೆಂಟಿಮೀಟರ್ ಹರಿಯುವ ನೀರೂ ಅದನ್ನು ವರ್ಷಕ್ಕೆ 300 ಕಿಲೋಮೀಟರ್‌ಗೂ ಆಚೆ ಒಯ್ದಿರುತ್ತದೆ.

ಲೆಕ್ಕ ಸರಿ, ಆದರೆ ಕಡಲು ಈ ಲೆಕ್ಕ ಕೇಳುವುದಿಲ್ಲ. ಮೇಲಿನ ಸಣ್ಣ ಜೀವಿಗಳು ಕಣಗಳನ್ನು ನುಂಗುತ್ತವೆ, ಹಿಕ್ಕೆ ಮಾಡಿ ಬಿಡುತ್ತವೆ. ಸತ್ತ ಪಾಚಿಯ ಲೋಳೆಗೆ ಮಣ್ಣು ಅಂಟಿ ಉಂಡೆಯಾಗುತ್ತದೆ. ಇಂಥ ಉಂಡೆಗಳು ದಿನಕ್ಕೆ ನೂರು ಮೀಟರ್ ದಾಟಿ ಇಳಿಯುತ್ತವೆ, ಕೆಲವೇ ವಾರಗಳಲ್ಲಿ ತಳ ಮುಟ್ಟುತ್ತವೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯೂ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯವೂ ಸೇರಿ 1980ರ ದಶಕದಿಂದ ಅರಬ್ಬಿ ಕಡಲಿನಲ್ಲಿ, ಬಂಗಾಳ ಕೊಲ್ಲಿಯಲ್ಲಿ ದೊಡ್ಡ ಆಲಿಕೆಯಂಥ ಬಲೆ ಇಳಿಬಿಟ್ಟು ಈ ಮಳೆಯನ್ನು ಹಿಡಿದವು. ನಮ್ಮ ತೋಟದವರು ಅಂಗಳದಲ್ಲಿ ಮಳೆ ಮಾಪಕ ಇಟ್ಟು ದಿನಾ ಇಂಚು, ಸೆಂಟ್ ಬರೆದಿಡುವುದಿಲ್ಲವೇ, ಅದೇ ಕೆಲಸ ನೀರಿನೊಳಗೆ. ಬಂಗಾಳ ಕೊಲ್ಲಿಯಲ್ಲಿ ಕಂಡ ವಿಶೇಷ ಏನೆಂದರೆ, ನದಿ ಮಣ್ಣು ಅಂಟಿದ ಉಂಡೆ ಭಾರವಾಗಿ ಬೇಗ ಇಳಿಯುತ್ತದೆ. ಜೊತೆಗೆ ಮೇಲಿನ ಇಂಗಾಲವನ್ನೂ ಎಳೆದುಕೊಂಡು ಹೋಗುತ್ತದೆ.

ಇನ್ನು ಆಳದ ನೀರು. ನಮ್ಮ ಕಡಲುಗಳ ತಳದಲ್ಲಿರುವ ನೀರು ನಮ್ಮದಲ್ಲ. ನೀರು ತಳಕ್ಕೆ ಮುಳುಗಬೇಕಾದರೆ ಬಹಳ ತಣ್ಣಗಿರಬೇಕು, ಉಪ್ಪೂ ಇರಬೇಕು. ಉತ್ತರದಲ್ಲಿ ಏಷ್ಯಾ ಖಂಡ ಬಾಗಿಲು ಹಾಕಿರುವ ಹಿಂದೂ ಮಹಾಸಾಗರದಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಬಂಗಾಳ ಕೊಲ್ಲಿಯ ಮೇಲೆ ಸಿಹಿನೀರಿನ ಹೊದಿಕೆಯೇ ಇದೆ. ಹಾಗಾಗಿ ತಳದ ನೀರು ಪೂರ್ತಿ ಅಂಟಾರ್ಕ್ಟಿಕದ ಕಡೆಯಿಂದ ಬರುತ್ತದೆ. ಅಲ್ಲಿ ಕಡಲು ಹೆಪ್ಪುಗಟ್ಟುವಾಗ ಉಪ್ಪು ಹೊರಗುಳಿದು, ಭಾರವಾದ ತಣ್ಣನೆ ನೀರು ಜಾರಿ ಇಳಿಯುತ್ತದೆ. ಅಲ್ಲಿಂದ ನಮ್ಮ ಕಡೆಗೆ ಮೆಲ್ಲಗೆ ಬರುತ್ತದೆ. ಈ ಪ್ರಯಾಣವನ್ನು ನೂರಾರು ವರ್ಷಗಳಲ್ಲಿ ಎಣಿಸಬೇಕು.

ದಾರಿ ನೇರ ಇಲ್ಲ. ಕಡಲ ತಳದಲ್ಲಿ ನಮ್ಮ ಘಟ್ಟಗಳನ್ನು ಮೀರಿಸುವ ಬೆಟ್ಟದ ಸಾಲುಗಳಿವೆ. 90 ಡಿಗ್ರಿ ಪೂರ್ವ ರೇಖಾಂಶದ ಗುಂಟ ಸುಮಾರು 5,000 ಕಿಲೋಮೀಟರ್ ಉದ್ದಕ್ಕೆ ಒಂದು ಸಾಲು ನೆಟ್ಟಗೆ ನಿಂತಿದೆ, ಹೆಸರೇ ತೊಂಬತ್ತು ಪೂರ್ವ ಏಣು. ಅದರ ಪಶ್ಚಿಮಕ್ಕೆ ನಮ್ಮ ಗಂಟುಗಳ ತಗ್ಗು. ದಕ್ಷಿಣದಿಂದ ನೇರ ಬರೋಣ ಅಂದರೆ ಅಲ್ಲೂ ಇನ್ನೊಂದು ಏಣು ಅಡ್ಡ. ಹಾಗಾಗಿ ತಳದ ನೀರು ಮೊದಲು ಆಸ್ಟ್ರೇಲಿಯಾ ಪಕ್ಕದ ತಗ್ಗಿಗೆ ಹೋಗಿ, ಆಮೇಲೆ ಏಣಿನಲ್ಲಿ 10 ಡಿಗ್ರಿ ಮತ್ತು 5 ಡಿಗ್ರಿ ದಕ್ಷಿಣದ ಸುತ್ತ ಇರುವ ಕಣಿವೆಗಳಲ್ಲಿ ನುಗ್ಗಿ ಒಳಗೆ ಬರುತ್ತದೆ. ಮಡಿಕೇರಿಯಿಂದ ಮಂಗಳೂರಿಗೆ ಹೋಗಲು ಸಂಪಾಜೆ ಘಾಟಿ, ವಿರಾಜಪೇಟೆಯಿಂದ ಕಣ್ಣೂರಿಗೆ ಮಾಕುಟ್ಟ ಘಾಟಿ ಇದ್ದ ಹಾಗೆ. ಘಾಟಿ ಮುಚ್ಚಿದರೆ ಈ ಕಡೆಯ ಊರಿಗೆ ಏನಾಗುತ್ತದೆ ಅಂತ ನಮಗೆ ಪ್ರತಿ ಮಳೆಗಾಲವೂ ತೋರಿಸಿಕೊಡುತ್ತದೆ. ಒಳಗೆ ಬಂದ ನೀರಿಗೆ ಬೇರೆ ಬಾಗಿಲಿಲ್ಲ. ನಿಧಾನವಾಗಿ ಮೇಲಿನ ನೀರಿನ ಜೊತೆ ಬೆರೆತು, ಹಗುರಾಗಿ, ಮೇಲೆದ್ದು, ನಡು ಆಳದಲ್ಲಿ ವಾಪಸ್ ದಕ್ಷಿಣಕ್ಕೆ ಹೋಗಬೇಕು. ತಳದ ಜೀವಿಗಳಿಗೆ ಆಮ್ಲಜನಕ ತರುವುದು ಈ ನೀರೇ.

ಇಷ್ಟು ನಿಧಾನದ ನೀರನ್ನು ಅಳೆಯುವುದು ಕಷ್ಟ. ಹರಿವಿನ ಮೀಟರ್ ಇಟ್ಟರೆ ಆ ಜಾಗದ ಆ ತಿಂಗಳ ಸುದ್ದಿ ಸಿಗುತ್ತದೆ. ಸುಳಿಯೊಂದು ಹಾದು ಹೋದರೆ ಅದೂ ತಲೆಕೆಳಗು. ಹಾಗಾಗಿ ಗುರುತು ಹುಡುಕುತ್ತಾರೆ. ಕಡಲ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 3 ಮೈಕ್ರೋಗ್ರಾಂ ಯುರೇನಿಯಂ ಕರಗಿದೆ, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ. ಅದು ಒಡೆಯುತ್ತಾ ಥೋರಿಯಂ-230 ಮತ್ತು ಪ್ರೋಟಾಕ್ಟಿನಿಯಂ-231 ಹುಟ್ಟುತ್ತವೆ, ಹುಟ್ಟುವ ಅನುಪಾತ ನಮಗೆ ಗೊತ್ತು. ಥೋರಿಯಂ ಅಂಟು ಸ್ವಭಾವದ್ದು. ಹತ್ತಿರ ಯಾವ ಕಣ ಸಿಕ್ಕರೂ ಹಿಡಿದುಕೊಂಡು ಕೆಲವೇ ದಶಕಗಳಲ್ಲಿ ತಳ ಸೇರುತ್ತದೆ. ಪ್ರೋಟಾಕ್ಟಿನಿಯಂ ಅಷ್ಟು ಬೇಗ ಅಂಟುವುದಿಲ್ಲ, ನೂರು ವರ್ಷಕ್ಕೂ ಮೇಲೆ ನೀರಿನ ಜೊತೆಗೇ ಅಲೆಯುತ್ತದೆ. ತಳದ ಮಣ್ಣಿನಲ್ಲಿ ಎರಡನೆಯದು ಇರಬೇಕಾದ್ದಕ್ಕಿಂತ ಕಡಿಮೆ ಸಿಕ್ಕಿದರೆ, ಹರಿವು ಅದನ್ನು ಒಯ್ದಿದೆ ಎಂದರ್ಥ. ಸಾವಿರಾರು ವರ್ಷ ಹಿಂದಿನ ಹರಿವನ್ನೂ ಹೀಗೆ ಲೆಕ್ಕ ಹಾಕುತ್ತಾರೆ.

ಆದರೆ ಇದರಲ್ಲೇ ಒಂದು ತೊಡಕಿದೆ. ಬಗ್ಗಡ ಜಾಸ್ತಿ ಇರುವ ಕಡೆ ಎರಡೂ ಕಣಕ್ಕೆ ಅಂಟಿ ಅಲ್ಲೇ ಇಳಿದುಬಿಡುತ್ತವೆ. ಆಗ ಅನುಪಾತ ಹೇಳುವುದು ಹರಿವಿನ ಕತೆಯಲ್ಲ, ಕಣದ ಕತೆ. ನಿಯೋಡಿಮಿಯಂ ಎಂಬ ಇನ್ನೊಂದು ಧಾತುವಿನದ್ದೂ ಇದೇ ಗೋಳು. ಪ್ರತಿ ಸೀಮೆಯ ಕಲ್ಲಿಗೂ ಅದರ ಒಂದೊಂದು ಗುರುತಿದೆ. ಕೊಡಗಿನ ಬಂಡೆಗಳು ಸುಮಾರು ಮುನ್ನೂರು ಕೋಟಿ ವರ್ಷ ಹಳೆಯವು, ಅವಕ್ಕೊಂದು ಗುರುತು. ಹಿಮಾಲಯದ್ದು ಇನ್ನೊಂದು, ಅಂಟಾರ್ಕ್ಟಿಕದಿಂದ ಬರುವ ನೀರಿನದ್ದು ಮತ್ತೊಂದು. ಟೈರಿಗೆ ಅಂಟಿದ ಮಣ್ಣಿನ ಬಣ್ಣ ನೋಡಿ ಜೀಪು ಯಾವ ಊರಿಂದ ಬಂತು ಅನ್ನುವ ಹಾಗೆ. ಆದರೆ ಜೀಪು ಬರುವ ದಾರಿಯುದ್ದಕ್ಕೂ ಯಾರೋ ಬೇರೆ ಮಣ್ಣು ಎರಚುತ್ತಿದ್ದರೆ? ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಬಂಗಾಳ ಕೊಲ್ಲಿಯ ನೀರನ್ನು ಅಳೆದು 2012ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕಂಡದ್ದು ಇದೇ. ಮೇಲಿನಿಂದ ಇಳಿಯುವ ನದಿ ಮಣ್ಣು ದಾರಿಯಲ್ಲಿ ತನ್ನ ನಿಯೋಡಿಮಿಯಂ ಬಿಟ್ಟು ಕೊಟ್ಟು ನೀರಿನ ಗುರುತನ್ನೇ ಬದಲಿಸುತ್ತದೆ. ನೀರಿನ ದಾರಿ ತೋರಿಸುವ ಕಣವೇ ಆ ದಾರಿಯ ಗುರುತನ್ನೂ ಅಳಿಸುತ್ತದೆ. ಗಂಟುಗಳ ತಗ್ಗಿನಲ್ಲಿ ಕಣ ಕಡಿಮೆ ಇರುವುದರಿಂದಲೇ ಅಲ್ಲಿ ಗುರುತುಗಳು ಸ್ವಲ್ಪ ಸ್ಪಷ್ಟ. ಅಲ್ಲಿ ಕೆಸರು ಎಬ್ಬಿಸಿದರೆ ಅಳೆಯುವ ಕೋಲನ್ನೂ ನಾವೇ ಕೆಡಿಸಿಕೊಂಡ ಹಾಗೆ. ಈ ಮಾತನ್ನು ಯಾರೂ ಜೋರಾಗಿ ಹೇಳುತ್ತಿಲ್ಲ.

ಗಂಟು ಹೆಕ್ಕುವ ಯಂತ್ರ ನೆಲದ ಮೇಲಿನ ಕೆಲವು ಸೆಂಟಿಮೀಟರ್ ಮಣ್ಣನ್ನೂ ಕೆದಕಿಯೇ ಹೋಗಬೇಕು. ಎದ್ದ ಕೆಸರು ಎಷ್ಟು ದೂರ? ಒಂದು ಅಂದಾಜು ಮಾಡಿ ನೋಡಿದೆ. ಹತ್ತು ಮೀಟರ್ ಮೇಲೆದ್ದ ನುಣುಪು ಕಣ ಒಂಟಿಯಾಗಿ ಇಳಿಯಲು ಐವತ್ತು ದಿನ. ಸೆಕೆಂಡಿಗೆ ಮೂರು ಸೆಂಟಿಮೀಟರ್ ಹರಿವಿದ್ದರೆ ದಿನಕ್ಕೆ ಎರಡೂವರೆ ಕಿಲೋಮೀಟರ್. ಒಟ್ಟು ನೂರು ಕಿಲೋಮೀಟರ್ ದಾಟಿತು. ಇದು ಅತಿ ಕೆಟ್ಟ ಲೆಕ್ಕ, ಒಪ್ಪುತ್ತೇನೆ. ಕಣಗಳು ಒಂದಕ್ಕೊಂದು ಅಂಟಿ ಬೇಗ ಕೂರುತ್ತವೆ. 2021ರಲ್ಲಿ ಪೆಸಿಫಿಕ್ ಸಾಗರದಲ್ಲಿ ಒಂದು ಯಂತ್ರ ಓಡಿಸಿ ಅಳೆದಾಗ, ಎದ್ದ ಕೆಸರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೆಲದಿಂದ ಎರಡು ಮೀಟರ್ ಒಳಗೇ ಉಳಿದಿತ್ತು. ಗಣಿ ಬೇಕೆನ್ನುವವರಿಗೆ ಇದು ಸಮಾಧಾನದ ಸುದ್ದಿ. ನನಗೆ ಪೂರ್ತಿ ಸಮಾಧಾನ ಆಗಿಲ್ಲ. ಅದು ಕೆಲವು ಗಂಟೆಯ ಪರೀಕ್ಷೆ, ಗಣಿಗಾರಿಕೆ ಅಂದರೆ ವರ್ಷಗಟ್ಟಲೆ ಹಗಲು ರಾತ್ರಿಯ ಕೆಲಸ. ಉಳಿದ ಸಣ್ಣ ಪಾಲೇ ಅತ್ಯಂತ ನುಣುಪಿನದು, ದೂರ ಹೋಗುವುದೂ ಅದೇ. ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರ್ ಕಂಡ ನೆಲಕ್ಕೆ ಒಂದೇ ವಾರದಲ್ಲಿ ಅಷ್ಟು ಬಿದ್ದರೆ, ನೀರನ್ನು ಸೋಸಿ ತಿನ್ನುವ ಅಲ್ಲಿನ ಜೀವಿಗಳಿಗೆ ಅದು ನಮ್ಮ 2018.

ಇನ್ನೊಂದು ಕೆಸರೂ ಇದೆ. ಗಂಟಿನ ಜೊತೆ ಹಡಗಿಗೆ ಏರಿದ ಕೊಳಕು ನೀರನ್ನು ವಾಪಸ್ ಬಿಡಲೇಬೇಕು. ಅದನ್ನು ಯಾವ ಆಳದಲ್ಲಿ ಬಿಡುವುದು ಅನ್ನುವುದು ದೊಡ್ಡ ಪ್ರಶ್ನೆ. ಮೇಲೆ ಬಿಟ್ಟರೆ ಇಳಿಯಲು ವರ್ಷಗಳು, ಅಷ್ಟೂ ಕಾಲ ಅಲೆದಾಟ. ತಳದ ಹತ್ತಿರ ಬಿಡಲು ಪೈಪಿನ ಖರ್ಚು ಜಾಸ್ತಿ. ಖರ್ಚಿನ ಪ್ರಶ್ನೆ ಬಂದ ಕಡೆ ಏನಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ.

ನಮ್ಮವರು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕೂತಿಲ್ಲ, ಅದನ್ನೂ ಹೇಳಬೇಕು. 1997ರಲ್ಲಿ ಗೋವಾದ ಸಂಸ್ಥೆಯ ನೇತೃತ್ವದಲ್ಲಿ, ರಷ್ಯಾದ ಹಡಗಿನ ನೆರವಿನಿಂದ, ಇದೇ ತಗ್ಗಿನಲ್ಲಿ ಬೇಕೆಂದೇ ಕೆಸರು ಎಬ್ಬಿಸಿ ನೋಡಿದರು. ಸುಮಾರು ಮೂರು ಕಿಲೋಮೀಟರ್ ಉದ್ದ, ಇನ್ನೂರು ಮೀಟರ್ ಅಗಲದ ಪಟ್ಟಿ, ಒಂಬತ್ತು ದಿನ. ಕೆಸರು ಪಟ್ಟಿಯ ಹೊರಗೂ ಹೋಗಿ ಕೂತಿತ್ತು, ಮಣ್ಣಿನೊಳಗಿನ ಜೀವಿಗಳ ಸಂಖ್ಯೆ ಇಳಿದಿತ್ತು. ನಂತರದ ವರ್ಷಗಳಲ್ಲೂ ಹೋಗಿ ಮಾದರಿ ತಂದರು. ಜರ್ಮನಿಯವರು 1989ರಲ್ಲಿ ಪೆರು ದೇಶದ ಮುಂದಿನ ಕಡಲ ತಳವನ್ನು ನೇಗಿಲಿನಂಥದ್ದರಲ್ಲಿ ಉತ್ತಿದ್ದರು. 26 ವರ್ಷ ಬಿಟ್ಟು 2015ರಲ್ಲಿ ಹೋಗಿ ನೋಡಿದರೆ ಆ ಸಾಲುಗಳು ನಿನ್ನೆ ಉತ್ತ ಹಾಗೆಯೇ ಇದ್ದವು.

ನಮ್ಮ 1997ರ ಪಟ್ಟಿಯ ಆಳ ಮತ್ಸ್ಯ-6000ರ ಅಳತೆಯೊಳಗೇ ಇದೆ. ನೌಕೆ ತಯಾರಾಗಿ ಆ ತಗ್ಗಿಗೆ ಇಳಿಯುವ ದಿನ ಬಂದರೆ, ಹೊಸ ಗಂಟು ಹೆಕ್ಕುವ ಮೊದಲು ಮೂವರೂ ಒಮ್ಮೆ ಆ ಹಳೆಯ ಪಟ್ಟಿಯ ಮೇಲೆ ದೀಪ ಹಾಕಿ ನೋಡಿ ಬರಲಿ. ಪಕ್ಕದಲ್ಲೇ ಒಂದು ಬಲೆ, ಒಂದು ಹರಿವಿನ ಮೀಟರ್ ಇಟ್ಟು ಬರಲಿ. ನಮ್ಮ ಪಕ್ಕದ ತೋಟದಲ್ಲಿ ಮಳೆ ಪುಸ್ತಕ ಅಜ್ಜನ ಕಾಲದಿಂದ ಇದೆ. ಆದರೂ ಅವರು ಕೆರೆ ಎಲ್ಲಿ ತೋಡುವುದು ಅಂತ ಎರಡು ಬೇಸಿಗೆಯಿಂದ ಯೋಚನೆ ಮಾಡುತ್ತಲೇ ಇದ್ದಾರೆ.